ನಲವತ್ತೆಂಟಕ್ಕೆ ಕನಸಿನ ಬೈಕು: ಹಳೇ ಕಿಕ್ಕರ್ರೋ, ಹಳೇ ವೇಷದ ಹೊಸದೋ?

ಮಂಡಿಚಿಪ್ಪು48:
ವಯಸ್ಸು 48. ಎತ್ತರ 168 ಸೆಂ.ಮೀ. ಎಡ ಮಂಡಿ ಮೆಟ್ಟಿಲು ಕಂಡ್ರೆ ಮುನಿಸಿಕೊಳ್ಳುತ್ತೆ. ಬೈಕಿನ ಹುಚ್ಚು ಮಾತ್ರ ಇಪ್ಪತ್ತರಲ್ಲಿ ಎಷ್ಟಿತ್ತೋ ಅಷ್ಟೇ ಇದೆ.
ಮುಂದಿರೋದು ಎರಡು. ಒಂದು, ಮೂವತ್ತು ವರ್ಷ ಹಳೇ ಸಿಂಗಲ್ ಸಿಲಿಂಡರ್, ಗಾಳಿಗೆ ಪೆಟ್ರೋಲ್ ಬೆರೆಸೋಕೆ ಕಾರ್ಬೊರೇಟರ್, ಬರೀ ಕಿಕ್ಕರ್. ಇನ್ನೊಂದು ನೋಡೋಕೆ ಥೇಟ್ ಅದೇ, ಒಳಗೆಲ್ಲ ಹೊಸದು: ಫ್ಯೂಯಲ್ ಇಂಜೆಕ್ಷನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಸಿಂಪಡಿಸೋದು), ಎಬಿಎಸ್ (ಬ್ರೇಕ್ ಗಟ್ಟಿ ಹಿಡಿದ್ರೂ ಚಕ್ರ ಲಾಕ್ ಆಗದ ಏರ್ಪಾಡು), ಸೆಲ್ಫ್ ಸ್ಟಾರ್ಟ್, ತೂಕ 200 ಕೆ.ಜಿ. ಆಸುಪಾಸು. ಮನಸ್ಸು ಮೊದಲನೇದಕ್ಕೆ ವೋಟ್ ಹಾಕಿದೆ, ಮಂಡಿ ಎರಡನೇದಕ್ಕೆ.
ಕೊಳ್ಳೋ ಮುಂಚೆ ಏನೇನು ನೋಡ್ಬೇಕು? ಈ ವಯಸ್ಸಿನ ಮೈಗೆ ಏನೇನು ಬದಲಾಯಿಸ್ಕೋಬೇಕು? "ಕಾರ್ ತಗೊಳ್ಳಿ" ಅನ್ನೋರಿಗೆ ದೂರದಿಂದಲೇ ನಮಸ್ಕಾರ.

ಸುಮ್ನೆಓದೋನು:
ಕಾರ್ ತಗೊಳ್ಳಿ.

ಗ್ರೀಸ್‌ಕೈ:
ಶುರುವಾಯ್ತು 😄

ಹಳೇದನ್ನ ನೋಡೋಕೆ ಹೋಗೋ ಮುಂಚೆ ಮಾರೋರಿಗೆ ಒಂದೇ ಮಾತು ಹೇಳಿ: "ನಾನು ಬರೋತನಕ ಸ್ಟಾರ್ಟ್ ಮಾಡ್ಬೇಡಿ." ಹೋದ ತಕ್ಷಣ ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ರೆ ಅನುಮಾನ ಪಡಿ. ಬಿಸಿ ಇಂಜಿನ್ ಒಂದೇ ಕಿಕ್ಕಿಗೆ ಎದ್ದು ಒಳ್ಳೇ ಹುಡುಗನ ಹಾಗೆ ನಿಲ್ಲುತ್ತೆ, ಅದರ ನಿಜವಾದ ಗುಣ ಗೊತ್ತಾಗೋದು ತಣ್ಣಗಿದ್ದಾಗ.

ಸ್ಟಾರ್ಟ್ ಆದಾಗ ಒಂದು ಉಸಿರು ನೀಲಿ ಹೊಗೆ ಬಂದು ನಿಂತ್ರೆ ವಾಲ್ವ್ ಸೀಲ್ ಹೋಗಿದೆ. ಆಕ್ಸಿಲರೇಟರ್ ಕೊಟ್ಟಷ್ಟೂ ನೀಲಿ ಬರ್ತಿದ್ರೆ ರಿಂಗ್ ಪಿಸ್ಟನ್, ಅಂದ್ರೆ ಸಿಲಿಂಡರ್ ಸವೆದು ಬೋರ್ ಮಾಡಿಸೋ ಹಂತಕ್ಕೆ ಬಂದಿದೆ. ಕಪ್ಪು ಹೊಗೆಗೆ ಹೆದರ್ಬೇಡಿ, ಪೆಟ್ರೋಲ್ ಜಾಸ್ತಿ ಹೋಗ್ತಿದೆ ಅಷ್ಟೇ. ಇದೆಲ್ಲ ಫೋರ್ ಸ್ಟ್ರೋಕ್ ಲೆಕ್ಕ. ಟೂ ಸ್ಟ್ರೋಕ್‌ಗೆ ಹೊಗೆ ಬಿಡೋದೇ ಕಸುಬು.

ಆಮೇಲೆ ಸೆಂಟರ್ ಸ್ಟ್ಯಾಂಡ್ ಹಾಕಿ, ಹಿಂದೆ ಯಾರಾದ್ರೂ ಅದುಮಿ ಹಿಡಿದು ಮುಂದಿನ ಚಕ್ರ ನೆಲ ಬಿಡಲಿ. ಹ್ಯಾಂಡಲ್ಲನ್ನ ಎರಡೇ ಬೆರಳಲ್ಲಿ ನಿಧಾನಕ್ಕೆ ತಿರುಗಿಸಿ. ನೆಟ್ಟಗಿನ ಜಾಗಕ್ಕೆ ಬಂದಾಗ ಗುಂಡಿಗೆ ಬಿದ್ದ ಹಾಗೆ "ಟಕ್" ಅಂತ ಕೂತ್ಕೊಂಡ್ರೆ ಕೋನ್‌ಸೆಟ್, ಅಂದ್ರೆ ಹ್ಯಾಂಡಲ್ ತಿರುಗೋ ಬೇರಿಂಗ್, ಹೋಗಿದೆ. ಅದೇ ಚಕ್ರವನ್ನ ಕೆಳಗಿಂದ ಹಿಡಿದು ಹಿಂದಕ್ಕೆ ಮುಂದಕ್ಕೆ ಅಲ್ಲಾಡಿಸಿ, "ಕಟ ಕಟ" ಅಂದ್ರೂ ಅದೇ ತಕರಾರು, ಇಲ್ಲಾಂದ್ರೆ ಮುಂದಿನ ಶಾಕ್ ಒಳಗಿನ ಫೋರ್ಕ್ ಬುಷ್.

ಹ್ಯಾಂಡಲ್ ಪೂರ್ತಿ ತಿರುಗಿದಾಗ ತಡೆಯೋ ಸ್ಟಾಪರ್ ಇರುತ್ತಲ್ಲ, ಅದು ಜಜ್ಜಿ ಹೋಗಿದ್ರೆ ಬೈಕು ಒಮ್ಮೆ ಜೋರಾಗಿ ಬಿದ್ದಿದೆ. ಟ್ಯಾಂಕಿಗೆ ಎಷ್ಟೇ ಚೆನ್ನಾಗಿ ಪೇಂಟ್ ಮಾಡಿದ್ರೂ ಈ ಸ್ಟಾಪರ್‌ಗೆ ಯಾರೂ ಮಾಡಿಸಲ್ಲ.

ಫ್ಲೋಟ್‌ಬೌಲ್:
+1. ಮೊಬೈಲ್ ಟಾರ್ಚ್ ಹಾಕಿ ಟ್ಯಾಂಕ್ ಒಳಗೂ ಇಣುಕಿ. ಕೆಂಪು ಪುಡಿ ಕಂಡ್ರೆ ಅದು ಪೆಟ್ರೋಲ್ ಕಾಕ್ ದಾಟಿ ಕಾರ್ಬೊರೇಟರ್ ಒಳಗೆ ಐಡ್ಲಿಂಗಿಗೆ ಪೆಟ್ರೋಲ್ ಬಿಡೋ ಪೈಲಟ್ ಜೆಟ್‌ಗೆ ಬಂದು ಕೂರುತ್ತೆ. ಪೈಲಟ್ ಜೆಟ್‌ನ ತೂತು ಅರ್ಧ ಮಿ.ಮೀ.ಗಿಂತ ಸಣ್ಣದು. ಚೋಕ್ ಎಳೆದಾಗ ಮಾತ್ರ ಓಡುತ್ತೆ, ಚೋಕ್ ಬಿಟ್ರೆ ಆಫ್ ಆಗುತ್ತೆ ಅಂದ್ರೆ ಮೊದಲು ನೋಡೋ ಜಾಗ ಅದೇ.

ತಿಂಗಳುಗಟ್ಟಲೆ ನಿಲ್ಲಿಸೋದಿದ್ರೆ ಕಾಕ್ ಬಂದ್ ಮಾಡಿ ಫ್ಲೋಟ್ ಬೌಲ್ (ಕಾರ್ಬೊರೇಟರ್ ತಳದ ಪೆಟ್ರೋಲ್ ಬಟ್ಟಲು) ಕೆಳಗಿನ ಸ್ಕ್ರೂ ಬಿಚ್ಚಿ ಖಾಲಿ ಮಾಡಿ. ಎಥೆನಾಲ್ ಬೆರೆಸಿದ ಪೆಟ್ರೋಲ್ ಗಾಳಿಯಿಂದ ನೀರು ಎಳ್ಕೊಳ್ಳುತ್ತೆ. ಟ್ಯಾಂಕ್ ಮಾತ್ರ ತದ್ವಿರುದ್ಧ, ಬಾಯಿವರೆಗೂ ತುಂಬಿಸಿಡಿ. ಖಾಲಿ ಜಾಗ ಇದ್ದಷ್ಟೂ ತೇವ, ತೇವ ಇದ್ದಷ್ಟೂ ತುಕ್ಕು.

ನ್ಯೂಟ್ರಲ್‌ನಾಯಕ:
ಎಲ್ಲರೂ ಇಂಜಿನ್ ಬಗ್ಗೆ ಹೇಳ್ತಿದ್ದೀರಿ, ಅವರು ಕೇಳಿದ್ದು ಮಂಡಿ ಬಗ್ಗೆ. ಒಂದು ವಿಷಯ ಯಾರೂ ಹೇಳಲ್ಲ: ಕಿಕ್ ಹೊಡೆಯೋದು ಬಲಗಾಲು ಇರಬಹುದು, ಆ ಹೊತ್ತಲ್ಲಿ ಪೂರ್ತಿ ಮೈಭಾರ ಹೊರೋದು ಎಡಗಾಲು. ಎಡ ಮಂಡಿ ತಕರಾರು ಇರೋರಿಗೆ ಬಲಗಡೆ ಕಿಕ್ಕರ್ ಅಂದ್ರೆ ನೋವಿರೋ ಕಾಲ ಮೇಲೇ ಏಳೋದು.

ಕಿಕ್ಕರ್‌ಗೆ ಬಲಕ್ಕಿಂತ ಕ್ರಮ ಮುಖ್ಯ. ಮೆಲ್ಲಗೆ ಅದುಮಿ, ಗಟ್ಟಿಯಾಗಿ ತಡೆಯೋ ಜಾಗ ಸಿಗುತ್ತೆ, ಅದು ಕಂಪ್ರೆಷನ್. ಆ ಒತ್ತಡ ಬಿಡೋ ಡಿಕಂಪ್ರೆಸರ್ ಲಿವರ್ ಇದ್ರೆ ಹಿಡಿದು ಪಿಸ್ಟನ್ನನ್ನ ತುದಿಯಿಂದ ಒಂಚೂರು ಆಚೆ ದಾಟಿಸಿ. ಲಿವರ್ ಬಿಡಿ, ಕಿಕ್ಕರ್ ಮೇಲಕ್ಕೆ ಬರಲಿ. ಆಮೇಲೆ ಒಂದೇ ಉದ್ದನೆ ಒದೆತ, ಕೊನೇವರೆಗೂ. ಮಧ್ಯದಲ್ಲಿ ಕಾಲು ಹಗುರ ಮಾಡಿದ್ರೆ ಕಿಕ್‌ಬ್ಯಾಕ್ ಹೊಡೆದು ಕಣಕಾಲು ಹೋಗುತ್ತೆ.

ಗ್ರೀಸ್‌ಕೈ:
ಈ ಕ್ರಮಕ್ಕೆ ಮರ್ಯಾದೆ ಕೊಟ್ಟ ಬೈಕು ಅಂದ್ರೆ ಯಮಹಾ ಎಸ್‌ಆರ್. 1978ರಲ್ಲಿ ಬಂತು. ಸಿಲಿಂಡರ್ ಹೆಡ್ ಪಕ್ಕ ಪುಟಾಣಿ ಕಿಟಕಿ, ಪಿಸ್ಟನ್ ಸರಿಯಾದ ಜಾಗಕ್ಕೆ ಬಂದಾಗ ಅದರಲ್ಲಿ ಗುರುತು ಕಾಣುತ್ತೆ, ಆಗ ಒದೀಬೇಕು. ಎಸ್‌ಆರ್ 400ಕ್ಕೆ 2021ರ ಕೊನೇ ಆವೃತ್ತಿವರೆಗೂ ಸೆಲ್ಫ್ ಸ್ಟಾರ್ಟ್ ಕೊಡಲೇ ಇಲ್ಲ. ಹಠ ಅಂದ್ರೆ ಹಠ.

ಸ್ಪ್ಯಾನರ್‌ಅಕ್ಕ:
ಹಠ ಸರಿ, ಟ್ರಾಫಿಕ್ ಸಿಗ್ನಲ್ಲಲ್ಲಿ ಆಫ್ ಆದ ಮೇಲೆ ಹಿಂದಿನವರ ಹಾರ್ನ್ ಮಧ್ಯೆ ಆ ಕಿಟಕಿಯಲ್ಲಿ ಗುರುತು ಹುಡುಕೋಕೆ ಚಾಳೀಸ್ ಕನ್ನಡಕ ಎಲ್ಲಿಂದ ತರೋದು?

ಫ್ಲೋಟ್‌ಬೌಲ್:
ಕಾರ್ಬೊರೇಟರ್ ಬೈಕಾದ್ರೆ ಒಂದು ಸ್ಕ್ರೂಡ್ರೈವರ್, ಒಂದು ಪ್ಲಗ್ ಸ್ಪ್ಯಾನರ್ ಇದ್ರೆ ರಸ್ತೆ ಪಕ್ಕದಲ್ಲೇ ರಿಪೇರಿ ಮಾಡಬಹುದು. ಇಂಜೆಕ್ಷನ್ನು ಕೈಕೊಟ್ರೆ ಕೈಕಟ್ಟಿ ಕೂರಬೇಕು.

ಸ್ಪ್ಯಾನರ್‌ಅಕ್ಕ:
ರಸ್ತೆ ಪಕ್ಕ ಮತ್ತೆ ಮತ್ತೆ ನಿಲ್ಲೋದ್ರಿಂದಲೇ ಅಲ್ವಾ ಆ ವಿದ್ಯೆ ಬಂದಿರೋದು?

ಫ್ಲೋಟ್‌ಬೌಲ್:
🙏 ಸೋತೆ. ಆದ್ರೂ ಇಂಜೆಕ್ಷನ್ ಬೈಕು ಕೊಳ್ಳೋರು ಇದನ್ನ ತಿಳ್ಕೊಳ್ಳಿ: ಬ್ಯಾಟರಿ ಪೂರ್ತಿ ಸತ್ತಿದ್ರೆ ತಳ್ಳಿ ಸ್ಟಾರ್ಟ್ ಮಾಡೋ ಆಸೆ ಬೇಡ. ಪೆಟ್ರೋಲ್ ಪಂಪ್, ಇಂಜೆಕ್ಷನ್ ನಡೆಸೋ ಕಂಪ್ಯೂಟರ್ (ಇಸಿಯು) ಎರಡಕ್ಕೂ ಕರೆಂಟ್ ಬೇಕು.

ಅಂದಹಾಗೆ 2008ರ ಸುಮಾರಿಗೆ ಟ್ರಯಂಫ್ ಬಾನವಿಲ್‌ಗೆ ಇಂಜೆಕ್ಷನ್ ಬಂದಾಗ ಇಂಜಿನ್ನಿಗೆ ಗಾಳಿ ಬಿಡೋ ಅದರ ಥ್ರಾಟಲ್ ಬಾಡಿಯನ್ನ ಕಾರ್ಬೊರೇಟರ್ ತರಹವೇ ಕಾಣೋ ಹಾಗೆ ಮಾಡಿದ್ರು. ತಲೆಗೆ ಬಣ್ಣ ಹಚ್ಚೋ ನಮ್ಮ ವಯಸ್ಸಿನವರಿಗೆ ಉಲ್ಟಾ: ಬೈಕಿಗೆ ನರೆ ಹಚ್ಚಿದ್ರು.

ವೋಲ್ಟ್‌ಮೀಟರ್:
ಬ್ಯಾಟರಿ ಮಾತು ಬಂತಲ್ಲ, ಲೆಕ್ಕ ಹೇಳ್ತೀನಿ. ಈ ವಯಸ್ಸಲ್ಲಿ ಕೊಂಡ ಬೈಕು ವಾರಕ್ಕೊಮ್ಮೆ ಹೊರಗೆ ಬಂದ್ರೆ ಹೆಚ್ಚು. ಆಮೇಲೆ ಜಿಪಿಎಸ್ ಟ್ರ್ಯಾಕರ್, ಅಲಾರಂ ಅಂತ ಹಾಕಿಸ್ತಾರೆ. ಅದು ಬರೀ 10 ಮಿಲಿಆಂಪಿಯರ್ ಎಳೆದ್ರೂ 24 ಗಂಟೆ × 30 ದಿನ = 7.2 ಆಂಪಿಯರ್ ಅವರ್. ಬ್ಯಾಟರಿ ಇರೋದೇ 12 ಆಂಪಿಯರ್ ಅವರ್. ತಿಂಗಳು ಬಿಟ್ಟು ಬಂದು "ಹೊಸ ಬೈಕು ಕೈಕೊಡ್ತು" ಅಂತ ಕೂಗಾಡ್ತಾರೆ.

ಮಲ್ಟಿಮೀಟರ್ ಇಟ್ಕೊಳ್ಳಿ. ರಾತ್ರಿಯಿಡೀ ನಿಂತ ಮೇಲೆ 12.6ರಿಂದ 12.8 ವೋಲ್ಟ್ ಇರಬೇಕು. 12.4 ಬಂದ್ರೆ ಚಾರ್ಜರ್‌ಗೆ ಹಾಕಿ. ಸೆಲ್ಫ್ ಹೊಡೆಯುವಾಗ 10ಕ್ಕಿಂತ ತುಂಬ ಕೆಳಗೆ ಕುಸಿದ್ರೆ ಬ್ಯಾಟರಿ ಮುದಿಯಾಗಿದೆ. ಇಂಜಿನ್ ಓಡ್ತಿದ್ದಾಗ, ಸುಮಾರು 3,000 ಆರ್‌ಪಿಎಂನಲ್ಲಿ, 13.8ರಿಂದ 14.5. ಅದಕ್ಕಿಂತ ಕಡಿಮೆ ಇದ್ರೆ ಚಾರ್ಜ್ ಆಗ್ತಿಲ್ಲ. 15 ದಾಟಿದ್ರೆ ರೆಗ್ಯುಲೇಟರ್ ಹೋಗಿದೆ, ಬ್ಯಾಟರಿ ಕುದಿಸಿಬಿಡುತ್ತೆ.

ಟಾರ್ಕ್‌ರೆಂಚ್:
ಏನ್ರಿ ಇದು, ಬರೇ ಹೆಂಗ ಓಡಸೂದು ಅಂತ ಪುರಾಣ ನಡ್ಸೀರಿ. ನಿಲ್ಸೂದು ಯಾರು ಹೇಳವ್ರು? ಬ್ರೇಕ್ ಎಣ್ಣಿ ಎರಡು ವರ್ಷಕ್ಕೊಮ್ಮಿ ಬದಲಿ ಮಾಡ್ರಿ, ಬೈಕ್ ಓಡ್ಲಿ ಬಿಡ್ಲಿ. ಅದು ಗಾಳ್ಯಾಗಿನ ನೀರ ಕುಡಿತೈತಿ. ಡಾಟ್ 4 ಅನ್ನೂ ದರ್ಜೆಯ ಬ್ರೇಕ್ ಎಣ್ಣಿ ಹೊಸದಿದ್ದಾಗ ಕಮ್ಮಿ ಅಂದ್ರ 230 ಡಿಗ್ರಿಗೆ ಕುದಿಬೇಕು, ನೀರ ಸೇರಿದ್ದಕ್ಕ ಅದ ಮಟ್ಟ 155. ಘಾಟ ಇಳಿಯುವಾಗ ಬ್ರೇಕ್ ಹಿಡಿದ ಹಿಡಿದ ಎಣ್ಣಿ ಕುದ್ದು ಗುಳ್ಳಿ ಆತಂದ್ರ, ಲಿವರ್ ಹ್ಯಾಂಡಲ್ ತನಕ ಬಂದ್ರೂ ಗಾಡಿ ನಿಲ್ಲಂಗಿಲ್ಲ. ಡಾಟ್ 5 ಒಂದು ಹಾಕಬ್ಯಾಡ್ರಿ.

ವೋಲ್ಟ್‌ಮೀಟರ್:
ಡಾಟ್ 5 ಮತ್ತು 5.1 ಬೇರೆ ಬೇರೆ ಅಂತ ಸೇರಿಸಿಬಿಡಿ ಸರ್. 5 ಸಿಲಿಕೋನ್, 4ರ ಜೊತೆ ಬೆರೆಸೋ ಹಾಗಿಲ್ಲ. 5.1 ಮಾತ್ರ 3, 4ರ ಜಾತಿಯೇ, ಗ್ಲೈಕಾಲ್.

ಟಾರ್ಕ್‌ರೆಂಚ್:
ಖರೇ ಐತಿ. ಹೆಸರಿಟ್ಟಾವಗ ಒಂದು ದೊಡ್ಡ ನಮಸ್ಕಾರ.

ಮಳೆಬೂಟು:
ನಿಮ್ಮದೆಲ್ಲ ಸರಿ ಮಾರಾಯ್ರೆ, ಟಯರ್ ನೋಡಿದ್ದು ಯಾರು? ಹಳೆ ಬೈಕಲ್ಲಿ ಹೆಚ್ಚಾಗಿ ಟಯರಿನ ಮೇಲಿನ ಉಬ್ಬುಗೆರೆ ಚೆಂದವೇ ಉಂಟು, ಓಡಿಸಿದ್ರೆ ಅಲ್ವಾ ಸವೆಯುವುದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರ್ತದೆ. 2316 ಅಂತ ಇದ್ರೆ 2016ನೇ ಇಸವಿಯ 23ನೇ ವಾರದ್ದು ಅಂತ ಅರ್ಥ. ಐದಾರು ವರ್ಷ ದಾಟಿದ್ರೆ ರಬ್ಬರು ಗಟ್ಟಿ ಆಗಿರ್ತದೆ, ಮಳೆಗೆ ಸೋಪಿನ ಹಾಗೆ. ಉಗುರಿನಿಂದ ಒತ್ತಿ ನೋಡಿ, ಬದಿಯಲ್ಲಿ ಕೂದಲೆಳೆ ಬಿರುಕು ಉಂಟಾ ನೋಡಿ. ಹಾಗಂತ ಹೊಸ ಟಯರ್ ಹಾಕಿಸಿದ ದಿನವೇ ಮೊಣಕಾಲು ನೆಲಕ್ಕೆ ತಾಗಿಸ್ಲಿಕ್ಕೆ ಹೋಗ್ಬೇಡಿ. ಮೊದಲ 150 ಕಿ.ಮೀ. ಅದರ ಮೈ ನುಣುಪು, ನಿಧಾನ ಹೋಗ್ಬೇಕು.

ಚೈನು ಸಹ ಹಾಗೆಯೇ. ಮಧ್ಯದಲ್ಲಿ ಮೇಲೆ ಕೆಳಗೆ ಆಡಿಸಿದ್ರೆ 25ರಿಂದ 35 ಮಿ.ಮೀ. ಆಡ್ಬೇಕು, ಸರಿಯಾದ ಅಂಕಿ ನಿಮ್ಮ ಬೈಕಿನ ಪುಸ್ತಕದಲ್ಲಿ ಉಂಟು. ಚಕ್ರ ತಿರುಗಿಸಿ ನಾಲ್ಕೈದು ಕಡೆ ನೋಡಿ, ಅತಿ ಬಿಗಿ ಇರುವ ಜಾಗದಲ್ಲಿ ಅಳೆಯಿರಿ. ಚೈನ್ ಎಳೆದಿದೆಯಾ ಅಂತ ನೋಡ್ಲಿಕ್ಕೆ 20 ಲಿಂಕ್ ಅಳೆಯಿರಿ: ಹೊಸದರಲ್ಲಿ 317.5 ಮಿ.ಮೀ. ಒಂದು ಶೇಕಡ ಮೇಲೆ ಹೋದ್ರೆ, ಅಂದ್ರೆ 320ರ ಮೇಲೆ, ಚೈನು ಸ್ಪ್ರಾಕೆಟ್ ಎರಡೂ ಒಟ್ಟಿಗೆ ಬದಲಿಸುವುದು.

ಗ್ರೀಸ್‌ಕೈ:
ಒಂದು ತಿದ್ದುಪಡಿ. 317.5 ಅನ್ನೋದು 520, 525, 530 ಚೈನಿಗೆ, ಪಿಚ್ (ಪಿನ್ನಿಂದ ಪಿನ್ನಿಗೆ ಅಂತರ) 15.875. ಸಣ್ಣ ಸಿಂಗಲ್‌ಗಳಲ್ಲಿ 428 ಇರುತ್ತೆ, ಪಿಚ್ 12.7, ಅದಕ್ಕೆ 20 ಲಿಂಕ್ ಅಂದ್ರೆ 254. ಚೈನ್ ಮೇಲೇ ನಂಬರ್ ಒತ್ತಿರ್ತಾರೆ, ಮಣ್ಣು ಒರೆಸಿ ಓದಿ.

ಮಳೆಬೂಟು:
ಹೌದು ಮಾರಾಯ್ರೆ, ತಪ್ಪಿದ್ದು.

ಮಂಡಿಚಿಪ್ಪು48:
ಎಲ್ಲ ಬರ್ಕೊಳ್ತಿದ್ದೀನಿ. 200 ಕೆ.ಜಿ. ಬೈಕು ಬಿದ್ರೆ ಎತ್ತೋದು ಹೇಗೆ? ಅದೇ ದೊಡ್ಡ ಭಯ. ಸೀಟ್ ಎತ್ತರ 805 ಮಿ.ಮೀ. ಅಂತ ಇದೆ, ಕಾಲು ಸಿಗುತ್ತಾ?

ಸ್ಪ್ಯಾನರ್‌ಅಕ್ಕ:
ಮೊದಲು ಸೀಟು. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆ ಸಂದಿಗೆ ದಪ್ಪ ಪುಸ್ತಕ ಬಿಗಿಯಾಗಿ ಇಟ್ಟು, ಅದರ ಮೇಲಂಚಿಂದ ನೆಲಕ್ಕೆ ಅಳತೆ ತಗೊಳ್ಳಿ. 780 ಮಿ.ಮೀ. ಬಂತು ಅಂದ್ಕೊಳ್ಳಿ, ಬೂಟಿನ ಅಡಿ 25ರಿಂದ 30 ಕೂಡಿಸುತ್ತೆ, ನೀವು ಕೂತಾಗ ಸ್ಪ್ರಿಂಗ್ ಕೂಡ ಒಂದಿಷ್ಟು ಇಳಿಯುತ್ತೆ. ಸೀಟು ಅಗಲ ಇದ್ರೆ ಅಷ್ಟನ್ನೂ ತಿಂದುಹಾಕುತ್ತೆ. ಅದಕ್ಕೇ ಕಾಗದದ ಮೇಲಿನ 805 ನಂಬಿ ಕೂರಬೇಡಿ, ಬೂಟು ಹಾಕ್ಕೊಂಡೇ ಹತ್ತಿ ನೋಡಿ. ಎರಡೂ ಹಿಮ್ಮಡಿ ಊರಬೇಕು ಅಂತಿಲ್ಲ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಿದ್ರೆ ಸಾಕು.

ಇನ್ನು ಎತ್ತೋದು. ಕೀ ಆಫ್. ಬಲಕ್ಕೆ ಬಿದ್ದಿದ್ರೆ ಎತ್ತೋ ಮುಂಚೆಯೇ ಸೈಡ್ ಸ್ಟ್ಯಾಂಡ್ ತೆಗೆದುಬಿಡಿ, ಗೇರಲ್ಲಿ ಇರಲಿ. ಹ್ಯಾಂಡಲ್ಲನ್ನ ನೆಲದ ಕಡೆಗೆ ಪೂರ್ತಿ ತಿರುಗಿಸಿ. ಬೈಕಿಗೆ ಬೆನ್ನು ಕೊಟ್ಟು, ಕುಂಡಿಯನ್ನ ಸೀಟಿನ ಅಂಚಿಗೆ ಒತ್ತಿ ಕುಕ್ಕರುಗಾಲಲ್ಲಿ ಕೂತ್ಕೊಳ್ಳಿ. ಒಂದು ಕೈ ಕೆಳಗಿನ ಗ್ರಿಪ್‌ಗೆ, ಇನ್ನೊಂದು ಹಿಂದಿನ ಹಿಡಿಕೆಗೆ. ಬೆನ್ನು ನೆಟ್ಟಗಿಟ್ಟು ಸಣ್ಣ ಸಣ್ಣ ಹೆಜ್ಜೆ ಇಡ್ತಾ ಹಿಂದಕ್ಕೆ ತಳ್ಳಿ. ತೋಳಲ್ಲಿ ಎಳೆಯೋದೇ ಇಲ್ಲ. ಮುಕ್ಕಾಲು ಎದ್ದಾಗ ಹುಮ್ಮಸ್ಸಲ್ಲಿ ನೂಕಿದ್ರೆ ಆ ಕಡೆ ಬಿದ್ದು ಮತ್ತೆ ಮೊದಲಿಂದ.

ನ್ಯೂಟ್ರಲ್‌ನಾಯಕ:
ಅದಕ್ಕೂ ಮುಂಚಿನ ಹೆಜ್ಜೆ ಬಿಟ್ರಿ ಅಕ್ಕ: ಯಾರಾದ್ರೂ ನೋಡಿದ್ರಾ ಅಂತ ಸುತ್ತ ಒಂದು ಸಲ ಕಣ್ಣಾಡಿಸೋದು.

ಸ್ಪ್ಯಾನರ್‌ಅಕ್ಕ:
😂 ಅದು ಹೇಳಿಕೊಡದೆ ಬರುತ್ತೆ.

ಸೆಂಟರ್ ಸ್ಟ್ಯಾಂಡ್‌ಗೂ ಅದೇ ನೀತಿ. ಕೈಯಲ್ಲಿ ಎತ್ತೋಕೆ ಹೋಗಿ ಸೊಂಟ ಹಿಡಿಸ್ಕೋಬೇಡಿ. ಸ್ಟ್ಯಾಂಡಿನ ಎರಡೂ ಕಾಲು ನೆಲ ಮುಟ್ಟಿದೆಯಾ ನೋಡ್ಕೊಂಡು, ಬಲಗಾಲಿಂದ ಅದರ ಮೇಲೇರಿ ನಿಲ್ಲೋ ಹಾಗೆ ಪೂರ್ತಿ ಭಾರ ಹಾಕಿ, ಬೈಕು ತಾನೇ ಹಿಂದಕ್ಕೆ ಏರುತ್ತೆ.

ಪಾರ್ಕಿಂಗ್ ಕೂಡ ತಲೆ ಉಪಯೋಗಿಸಿ ಮಾಡಿ. ಇಳಿಜಾರಲ್ಲಿ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ರೆ ವಾಪಸ್ ಎಳೆಯುವಾಗ ದೇವರೇ ಗತಿ, ಬೈಕಿಗೆ ರಿವರ್ಸ್ ಇಲ್ಲ. ಹಿಮ್ಮುಖವಾಗಿ ಇಳಿಸಿ, ಮೂತಿ ಮೇಲೆ, ಫಸ್ಟ್ ಗೇರ್.

ಹ್ಯಾಂಡಲ್‌ಬಾರ್:
ಬೆನ್ನು, ಮಣಿಕಟ್ಟು ನೋವಿಗೆ ಎಲ್ಲರೂ ಮೊದಲು ಕೊಳ್ಳೋದು ಹ್ಯಾಂಡಲ್ ರೈಸರ್. ತಪ್ಪಿಲ್ಲ, 20ರಿಂದ 30 ಮಿ.ಮೀ. ಏರಿಸಿದ್ರೆ ಬೆನ್ನು ನೆಟ್ಟಗಾಗುತ್ತೆ. ಆದ್ರೆ ಹಾಕಿದ ಮೇಲೆ ಇದನ್ನ ಮಾಡದೆ ರಸ್ತೆಗೆ ಇಳಿಸ್ಬೇಡಿ: ಇಂಜಿನ್ ಐಡ್ಲಿಂಗಲ್ಲಿ ಬಿಟ್ಟು ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ. ಆರ್‌ಪಿಎಂ ಏರಿದ್ರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ. ಯೂ-ಟರ್ನ್ ಮಧ್ಯೆ ಬೈಕು ತಾನಾಗೇ ಓಡೋಕೆ ಶುರು ಮಾಡುತ್ತೆ. ಬ್ರೇಕ್ ಪೈಪ್ ಎಲ್ಲಾದ್ರೂ ಎಳೀತಿದೆಯಾ ಅಂತಲೂ ನೋಡಿ.

ಏನೂ ಕೊಳ್ಳದೆ ಮಾಡೋ ಕೆಲಸ ಇನ್ನೊಂದಿದೆ. ಲಿವರ್‌ಗಳ ಕ್ಲಾಂಪ್ ಬೋಲ್ಟ್ ಸಡಿಲಿಸಿ, ಸೀಟಲ್ಲಿ ಕೂತು, ಮುಂಗೈ ಮತ್ತು ಬೆರಳು ಒಂದೇ ಗೆರೆಗೆ ಬರೋ ಹಾಗೆ ಲಿವರ್ ತಿರುಗಿಸಿ ಬಿಗಿ ಮಾಡಿ. ಮಣಿಕಟ್ಟು ಮುರಿದು ಮೇಲಕ್ಕೆ ಮಡಚಿಕೊಂಡು ಬ್ರೇಕ್ ಹಿಡಿಯೋದು ತಪ್ಪುತ್ತೆ. ಕ್ಲಚ್ ಲಿವರ್ ತುದಿಯಲ್ಲಿ 10ರಿಂದ 15 ಮಿ.ಮೀ. ಆಟ ಇರಲಿ.

ಹಿಂದಿನ ಸ್ಪ್ರಿಂಗ್ ಕೂಡ. ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲ್‌ನಿಂದ ಸೀಟಿನ ಒಂದು ಗುರುತಿಗೆ ಅಳೆದು, ಆಮೇಲೆ ನೀವು ಕೂತಾಗ ಮತ್ತೆ ಅಳೆಸಿ. ವ್ಯತ್ಯಾಸ ಒಟ್ಟು ಚಲನೆಯ ಮೂರನೇ ಒಂದು ಭಾಗ ಇರಬೇಕು, 120 ಮಿ.ಮೀ. ಇದ್ರೆ ಸುಮಾರು 40. ಹೆಚ್ಚು ಕುಸಿದ್ರೆ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ಏರಿಸಿ, ಎರಡು ಶಾಕ್ ಇದ್ರೆ ಎರಡಕ್ಕೂ ಒಂದೇ ಮೆಟ್ಟಿಲು. ಇಪ್ಪತ್ತರ ಹುಡುಗನ 60 ಕೆ.ಜಿ.ಗೆ ಇಟ್ಟಿದ್ದ ಮೆಟ್ಟಿಲಲ್ಲಿ ನಲವತ್ತೆಂಟರ 84 ಕೆ.ಜಿ. ಕೂರಿಸಿ "ಶಾಕ್ ಸರಿಯಿಲ್ಲ" ಅನ್ನೋರು ಬಹಳ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಸುಮ್ನೆಓದೋನು:
ತೂಕದ ವಿಷಯ ಎತ್ತಬಾರದಿತ್ತು.

ವೋಲ್ಟ್‌ಮೀಟರ್:
ಕನ್ನಡಕದ ಮಾತು ಮುಂಚೆ ಬಂತಲ್ಲ, ಅದು ತಮಾಷೆಯಲ್ಲ. ಬೈಫೋಕಲ್‌ನ ಕೆಳಭಾಗ ಓದೋ ದೂರಕ್ಕೆ, 40 ಸೆಂ.ಮೀ. ಆಸುಪಾಸಿಗೆ ಮಾಡಿರೋದು. ಮೀಟರ್ ಇರೋದು ಅದಕ್ಕಿಂತ ದೂರ, ಹಾಗಾಗಿ ಮೇಲೂ ಮಸುಕು ಕೆಳಗೂ ಮಸುಕು. ಕಣ್ಣಿನ ಡಾಕ್ಟರ್‌ಗೆ ಬೈಕಿನ ಮೀಟರ್ ದೂರ ಅಳೆದು ಹೇಳಿ. ಕನ್ನಡಕದ ಕಡ್ಡಿ ನೇರವಾಗಿರಲಿ, ಕಿವಿ ಹಿಂದೆ ಬಾಗಿದ್ದು ಹೆಲ್ಮೆಟ್ ಒಳಗೆ ತೂರಲ್ಲ.

ಹೆಲ್ಮೆಟ್ ಸೈಜಿಗೆ ಹುಬ್ಬಿನಿಂದ ಸುಮಾರು ಎರಡು ಸೆಂ.ಮೀ. ಮೇಲೆ ಟೇಪ್ ಸುತ್ತಿ ಅಳೆಯಿರಿ. ಹೊಸದರಲ್ಲಿ ಕೆನ್ನೆ ಒತ್ತಿ ಮಾತು ತೊದಲಬೇಕು, ಹಣೆಯಲ್ಲಿ ಮಾತ್ರ ಒಂದೇ ಕಡೆ ಚುಚ್ಚಬಾರದು. ಹೆಲ್ಮೆಟ್ ಹಿಡಿದು ಅಲುಗಾಡಿಸಿದ್ರೆ ಮುಖದ ಚರ್ಮವೂ ಜೊತೆಗೆ ಬರಬೇಕು.

ಟಾರ್ಕ್‌ರೆಂಚ್:
ಜಾಕೀಟು ಕುಂತಕೊಂಡು ಜಿಪ್ ಹಾಕಿ ನೋಡ್ರಿ. ನಿಂತಾಗ ಎಲ್ಲಾರ ಹೊಟ್ಟಿನೂ ಒಳಗ ಇರ್ತೈತಿ.

ಫ್ಲೋಟ್‌ಬೌಲ್:
ಒಂದು ಗಂಭೀರ ವಿಷಯ. 60 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಹೋಗ್ತೀವಿ. ಎದುರಿಗೆ ಏನೋ ಕಂಡು ಬೆರಳು ಬ್ರೇಕಿಗೆ ಹೋಗೋಷ್ಟರಲ್ಲಿ ಅಷ್ಟು ದೂರ ಮುಗಿದಿರುತ್ತೆ. ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿದ್ರೂ ಇನ್ನೊಂದು 20 ಮೀಟರ್. 80ಕ್ಕೆ ಇವೆರಡೂ ಸೇರಿ 58ರ ಹತ್ತಿರ. ಮುಂದಿನ ಬ್ರೇಕನ್ನ ಒಮ್ಮೆಲೇ ಕಿತ್ತು ಹಿಡಿಯದೆ, ಮೂತಿ ಬಾಗೋವರೆಗೂ ಮೆತ್ತಗೆ, ಆಮೇಲೆ ಗಟ್ಟಿಯಾಗಿ. ಖಾಲಿ ಮೈದಾನದಲ್ಲಿ ದಿನಕ್ಕೆ ಹತ್ತು ಸಲ ಮಾಡಿ. ಈ ಕಾರಣಕ್ಕೇ ನಾನೂ ಎಬಿಎಸ್ ಇರೋದೇ ತಗೊಳ್ಳಿ ಅಂತೀನಿ. ಕಾರ್ಬೊರೇಟರ್ ಭಕ್ತ ಹೇಳ್ತಿದ್ದಾನೆ ಅಂದ್ರೆ ಅರ್ಥ ಮಾಡ್ಕೊಳ್ಳಿ.

ಸ್ಪ್ಯಾನರ್‌ಅಕ್ಕ:
ಸ್ಕ್ರೀನ್‌ಶಾಟ್ ತೆಗೆದಿಟ್ಟೆ.

ನ್ಯೂಟ್ರಲ್‌ನಾಯಕ:
ಅಸಲಿ ಪ್ರಶ್ನೆ ಯಾರೂ ಕೇಳ್ಲಿಲ್ಲ. ಮನೇಲಿ ಹೇಳಿದ್ದೀರಾ? ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ ಅಂತಾರೆ. ಮದುವೆ ಆಗಿ ಇಪ್ಪತ್ತು ವರ್ಷಕ್ಕೆ ಮತ್ತೆ ಹಿಡಿಯೋ ಹುಚ್ಚಿಗೆ ಗಾದೆ ಇಲ್ಲ.

ಮಂಡಿಚಿಪ್ಪು48:
ಒಪ್ಪಿಗೆ ಸಿಕ್ಕಿದೆ, ಷರತ್ತು ಒಂದೇ: ಹಿಂದಿನ ಸೀಟು ದಪ್ಪ ಇರಬೇಕು. ಎರಡರ ಮೇಲೂ ಬೂಟು ಹಾಕ್ಕೊಂಡು ಕೂತು ನೋಡಿದ್ದೂ ಆಯ್ತು. ಹಳೇದರ ಕೋನ್‌ಸೆಟ್ "ಟಕ್" ಅಂತು, ಸ್ಟಾಪರ್ ಜಜ್ಜಿಹೋಗಿತ್ತು. ಹೊಸದೇ ಅಂತ ತೀರ್ಮಾನ. ಮೊದಲ 1,000 ಕಿ.ಮೀ.ಗೆ ಏನು ಪಥ್ಯ?

ಗ್ರೀಸ್‌ಕೈ:
ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗ್ಬೇಡಿ, ಏರಿಸ್ತಾ ಇಳಿಸ್ತಾ ಇರಿ. ಪೂರ್ತಿ ಆಕ್ಸಿಲರೇಟರ್ ಬೇಡ, ಹಾಗಂತ ಟಾಪ್ ಗೇರಲ್ಲಿ ಇಂಜಿನ್ ಗೊಳೋ ಅನ್ನೋ ಹಾಗೆ ಎಳೆಯೋದೂ ಬೇಡ, ಎರಡನೇದು ಹೆಚ್ಚು ಕೆಟ್ಟದ್ದು. ಮೊದಲ ಆಯಿಲ್ ಬದಲಾವಣೆ ಪುಸ್ತಕದಲ್ಲಿ ಹೇಳಿದ ಕಿಲೋಮೀಟರಿಗೆ, ಒಂದು ದಿನವೂ ಮುಂದೂಡಬೇಡಿ. ಹಳೇ ಆಯಿಲ್‌ನಲ್ಲಿ ಬೆಳ್ಳಿ ಮಿನುಗು ಕಂಡ್ರೆ ಸಹಜ. ಬೆರಳಿಗೆ ಸಿಗೋ ಚೂರು ಇದ್ರೆ ಸಹಜ ಅಲ್ಲ, ತೋರಿಸಿ.

ಆಯಿಲ್ ಡಬ್ಬದ ಮೇಲೆ ಜಾಸೊ ಎಂಎ ಅಥವಾ ಎಂಎ2 (ಬೈಕ್ ಆಯಿಲ್ಲಿನ ಜಪಾನ್ ದರ್ಜೆ) ಅಂತ ಇರಬೇಕು. ಬೈಕಿನ ಕ್ಲಚ್ ಪ್ಲೇಟುಗಳು ಅದೇ ಆಯಿಲ್‌ನಲ್ಲಿ ಮುಳುಗಿರ್ತವೆ. ಕಾರಿನ ಆಯಿಲ್‌ನಲ್ಲಿ ಜಾರಿಸೋ ಮದ್ದು ಬೆರೆಸಿರ್ತಾರೆ, ಹಾಕಿದ್ರೆ ಕ್ಲಚ್ ಜಾರುತ್ತೆ. ಆರ್‌ಪಿಎಂ ಏರುತ್ತೆ, ಬೈಕು ಮಾತ್ರ ಮುಂದೆ ಹೋಗಲ್ಲ.

ಸುಮ್ನೆಓದೋನು:
ಹಾಗಾದ್ರೆ ಕಾರ್ ಬೇಡವೇ ಬೇಡ್ವಾ?

ಮಂಡಿಚಿಪ್ಪು48:
ಕಾರ್ ಇದೆ ಸ್ವಾಮಿ. ಅದನ್ನ ಹೊರಗೆ ನಿಲ್ಲಿಸಿ ಒಳಗೆ ಬೈಕ್ ಇಡ್ತಿದ್ದೀನಿ. ರಾತ್ರಿ ಹೊತ್ತು ಹಾಕೋಕೆ ಕವರ್ ಬೇಕು, ನೈಲಾನ್ ಒಳ್ಳೇದಾ ಹತ್ತೀದಾ?

ಮಳೆಬೂಟು:
ಒಳಗೆ ಇಡುವುದಾದ್ರೆ ಹತ್ತಿ ಸಾಕು, ಗಾಳಿ ಆಡ್ತದೆ. ಬಂದ ಕೂಡ್ಲೇ ಮುಚ್ಚಬೇಡಿ, ಸೈಲೆನ್ಸರ್ ತಣಿಯಲಿಕ್ಕೆ ಅರ್ಧ ಗಂಟೆ ಬೇಕು.

ನ್ಯೂಟ್ರಲ್‌ನಾಯಕ:
ಆ ಅರ್ಧ ಗಂಟೆ ಪಕ್ಕದಲ್ಲೇ ಸ್ಟೂಲ್ ಹಾಕ್ಕೊಂಡು ಕೂತ್ಕೊಳ್ಳಿ. ಯಾರಾದ್ರೂ ಏನು ಮಾಡ್ತಿದ್ದೀರಿ ಅಂದ್ರೆ "ಸೈಲೆನ್ಸರ್ ತಣೀಲಿ ಅಂತ" ಅನ್ನಿ.